ಇಳಿದರೆ ಹತ್ತಲು ಬಾರದ ಸೈಕಲ್ಲು

ನನಗೆ ಸೈಕಲ್ ಹೊಡೆಯಲು ಬರುತ್ತಿತ್ತು, ಹತ್ತಲು ಬರುತ್ತಿರಲಿಲ್ಲ. ಈಗ ಹೇಳಿದರೆ ಮನೆಯ ಹುಡುಗಿಯರು ನಗುತ್ತಾರೆ. ಆದರೆ ಎಂಬತ್ತರ ದಶಕದ ಮೊದಲಲ್ಲಿ, ಹಾನಗಲ್ಲಿಗೂ ಹಿರೇಕೆರೂರಿಗೂ ನಡುವಿನ ನಮ್ಮ ಗುಡ್ಡದ ಸೀಮೆಯಲ್ಲಿ, ಸೀರೆಯುಟ್ಟ ಹೆಂಗಸಿಗೆ ಸಿಗುತ್ತಿದ್ದದ್ದು ನಡುವೆ ಅಡ್ಡ ಪೈಪಿದ್ದ ಗಂಡಸರ ಸೈಕಲ್ಲೇ. ನಮ್ಮದನ್ನು ನನ್ನ ಗಂಡ ಸವಣೂರಿನ ಎಲೆ ಮಾರುವವರೊಬ್ಬರಿಂದ ಕೊಂಡು ತಂದಿದ್ದರು. ವೀಳ್ಯದೆಲೆಯ ಬುಟ್ಟಿ ಹೊತ್ತು ಹೊತ್ತು ಹಿಂದಿನ ಕ್ಯಾರಿಯರ್ ಒಂದು ಬದಿಗೆ ವಾಲಿತ್ತು. ಮಳೆಯಲ್ಲಿ ನೆನೆದು ಬಿಸಿಲಿಗೆ ನಿಂತರೆ ಅದರಿಂದ ಹಳೆಯ ಎಲೆಯ ವಾಸನೆ ಏಳುತ್ತಿತ್ತು.

ನನ್ನ ತವರು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ಅಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೆ. ಗುಡ್ಡದ ಮೇಲಿನ ಲಂಬಾಣಿ ತಾಂಡಾದಲ್ಲಿ ಅಂಗನವಾಡಿ ತೆರೆದಾಗ, ಅಲ್ಲಿ ಓದುಬರಹ ಬಲ್ಲ ಹೆಂಗಸು ಸಿಗದೆ, ಕೆಲಸ ನನಗೆ ಬಂತು. ಅದಕ್ಕೂ ಮೊದಲು ಊರವರ ಹೊಲಗಳಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗುತ್ತಿದ್ದೆ. ಬೆಳಗ್ಗೆ ಬಾಗಿದ ಬೆನ್ನು ಸಂಜೆಗೆ ನೇರವಾಗುವುದು, ಅಷ್ಟರಲ್ಲಿ ಯಾರಾದರೂ ಬಂದು ಸಾಲಿನಲ್ಲಿ ಕಸ ಉಳಿದಿದೆ ಎಂದು ಬಯ್ಯುವುದು. ಮತ್ತೆ ಆ ಸಾಲಿಗೆ ಹೋಗಿ ಬಾಗುವುದು ನನಗೆ ಬೇಡವಾಗಿತ್ತು. ಹಾಗಾಗಿ ತಾಂಡಾದ ಕೆಲಸವನ್ನು ಹಿಡಿದುಕೊಂಡೇ ಕೂತಿದ್ದೆ.

ನಮ್ಮ ಕೇರಿ ಊರ ಹೊರಗೆ, ಅಗಸಿ ಬಾಗಿಲಿನ ಕೆಳಗೆ. ತಾಂಡಾಕ್ಕೆ ಹೋಗುವ ರಸ್ತೆ ಅಗಸಿಯಿಂದ ಊರೊಳಗೆ ಹಾಯ್ದು, ಮೇಲಿನ ತುದಿಯ ಹುಣಸೆಮರದ ಹತ್ತಿರ ಹೊರಬಿದ್ದು, ಗುಡ್ಡ ಹತ್ತುತ್ತಿತ್ತು. ನಮ್ಮ ಕೇರಿಯವರು ಸೈಕಲ್ ಮೇಲೆ ಕೂತು ಊರೊಳಗೆ ಹೋಗುವಂತಿರಲಿಲ್ಲ. ಅಗಸಿಯಲ್ಲಿ ಇಳಿಯಬೇಕು, ತಳ್ಳಿಕೊಂಡು ನಡೆಯಬೇಕು, ಹುಣಸೆಮರ ದಾಟಿದ ಮೇಲೆ ಹತ್ತಬೇಕು. ಇದನ್ನು ಯಾರೂ ದಿನಾ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ; ಅಗಸಿ ಬಂದ ಕೂಡಲೇ ನಮ್ಮ ಗಂಡಸರ ಕಾಲು ತಾನಾಗಿ ನೆಲಕ್ಕೆ ಬರುತ್ತಿತ್ತು. ಮಾವ ಬೌದ್ಧ ಧರ್ಮ ತೆಗೆದುಕೊಂಡು ವರ್ಷಗಳಾಗಿದ್ದವು. ನಮ್ಮ ಮನೆಯ ಗೂಡಿನಲ್ಲಿ ಬುದ್ಧನ ಪಟವಿತ್ತು. ಆದರೂ ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ಕೂಲಿ ಕೊಡುವ ಹೊಲ ಎಲ್ಲ ಅಗಸಿಯ ಒಳಗೇ ಇದ್ದವು.

ಮೊದಲು ಗಂಡನೇ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದರು. ಅವರದು ರಸ್ತೆ ಕೆಲಸ. ಕಲ್ಲೊಡೆದು ಮಾಡಿದ ಖಡಿ ಹರಡಿ, ಮಣ್ಣು ಮುಚ್ಚಿ, ನೀರು ಹೊಡೆಯುವುದು. ಅವರ ಗುತ್ತಿಗೆದಾರನ ಕೆಲಸ ಸವಣೂರು ತಾಲೂಕಿನ ಹತ್ತಿಮತ್ತೂರಿನ ಕಡೆಗೆ ಬಿದ್ದಾಗ ಅವರು ಅಲ್ಲೇ ಉಳಿಯಬೇಕಾಯಿತು. ಹೋಗುವ ಮುಂಚೆ ಸುಗ್ಗಿ ಮುಗಿದ ಕಣದಲ್ಲಿ ನನಗೆ ಸೈಕಲ್ ಕಲಿಸಿದರು. ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡೆ. ಅತ್ತೆ ಬೇಲಿಯ ಹತ್ತಿರ ಕೂತು ನೋಡುತ್ತಿದ್ದರು.

"ಸೀರಿ ಗಾಲಿಯೊಳಗ ಸಿಕ್ರ ಹೊಸಾದ ತರಂಗಿಲ್ಲ ನೋಡ, ಈಗ ಹೇಳೇನಿ," ಅಂದರು.

"ಯವ್ವಾ, ಆಕಿ ಹ್ಯಾಂಡಲ್ ನೋಡಾಕತ್ತಾಳ, ನೀ ಬಾಯಿ ಮುಚ್ಚು," ಅಂದರು ನನ್ನ ಗಂಡ.

ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು ಪೈಪಿನ ಆಚೆಗೆ ಕಾಲು ಹಾಕಿ, ಅಲ್ಲಿಂದ ದಬ್ಬಿಕೊಂಡು ಹೊರಡುವುದನ್ನು ಕಲಿಸಿದರು. ನೆಲದಿಂದ ಹತ್ತುವುದನ್ನು ಮುಂದಿನ ವಾರ ಕಲಿಸುತ್ತೇನೆ ಅಂದರು. ಆ ವಾರ ಬರಲೇ ಇಲ್ಲ. ಗುತ್ತಿಗೆದಾರನ ಟ್ರ್ಯಾಕ್ಟರ್ ಬಂದು ಎಲ್ಲರನ್ನೂ ಕರೆದೊಯ್ದಿತು.

ತೊಡಕು ಗೊತ್ತಾದದ್ದು ಒಬ್ಬಳೇ ಹೊರಟಾಗ. ಮನೆಯ ಕಟ್ಟೆಯಿಂದ ಹತ್ತಿದೆ, ಅಗಸಿಯಲ್ಲಿ ಇಳಿದೆ, ಊರುದ್ದಕ್ಕೂ ತಳ್ಳಿದೆ. ಹುಣಸೆಮರ ದಾಟಿ ನಿಂತೆ. ಹತ್ತಲು ಕಲ್ಲಿಲ್ಲ. ಊರೊಳಗೆ ಕಟ್ಟೆಗಳಿಗೆ ಬರವಿರಲಿಲ್ಲ, ಮನೆಗೊಂದು ಕಟ್ಟೆ, ಗುಡಿಗೊಂದು ಕಟ್ಟೆ. ಅವುಗಳ ಮೇಲೆ ನಾನು ಕಾಲಿಡುವ ಮಾತೇ ಇರಲಿಲ್ಲ. ಊರ ಹೊರಗೆ ರಸ್ತೆಯ ಬದಿಗೆ ಖಡಿಯ ಗುಪ್ಪೆಗಳಿದ್ದವು. ಹತ್ತಿ ನಿಂತರೆ ಕಾಲಡಿ ಜರಿದು ಸೈಕಲ್ ಸಮೇತ ಕೆಳಗೆ ಬರುತ್ತಿದ್ದೆ. ಮಕ್ಕಳಂತೆ ಪೈಪಿನ ಕೆಳಗೆ ಕಾಲು ತೂರಿಸಿ ಹೊಡೆಯಲು ನೋಡಿ ಒಮ್ಮೆ ಬಿದ್ದೆ; ಮೊಣಕಾಲಲ್ಲಿ ಸಿಕ್ಕಿಕೊಂಡ ಖಡಿಯ ಚೂರನ್ನು ಅತ್ತೆ ಸೂಜಿಯಿಂದ ತೆಗೆದರು. ಅಲ್ಲಿಗೆ ಆ ಆಟ ಮುಗಿಯಿತು. ಸೈಕಲ್ಲನ್ನು ದನದಂತೆ ಹೊಡೆದುಕೊಂಡು ಗುಡ್ಡ ಹತ್ತಿ ಮುಟ್ಟುವಷ್ಟರಲ್ಲಿ ತಾಂಡಾದ ತಾಯಂದಿರು ಕೆಲಸಕ್ಕೆ ಹೊರಟುಹೋಗಿರುತ್ತಿದ್ದರು. ಕೆಲವರು ಮಕ್ಕಳನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಒಲೆ ಹೊತ್ತಿಸಿ ಉಪ್ಪಿಟ್ಟು ಮಾಡಿದರೆ ತಿನ್ನಲು ಬಾಯಿಗಳೇ ಇರುತ್ತಿರಲಿಲ್ಲ.

ಹಾಗೊಂದು ದಿನ ಹಾನಗಲ್ಲಿನಿಂದ ಮೇಲ್ವಿಚಾರಕಿ ಜೀಪಿನಲ್ಲಿ ಬಂದರು. ನಾನು ಬೆವರಿಳಿಸುತ್ತ ಸೈಕಲ್ ತಳ್ಳಿಕೊಂಡು ಬಂದಾಗ ಅವರು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದರು.

"ಸೈಕಲ್ ಐತಿ, ಮತ್ತ್ಯಾಕ ನಡಕೋಂತ ಬರ್ತೀಯವಾ? ಅದಕ್ಕೇನ ಆರಾಮಿಲ್ಲೇನು?"

"ಗುಡ್ಡ ಐತಲ್ರಿ ಮೇಡಂ."

"ಮಕ್ಕಳಿಲ್ಲದ ಬಾಲವಾಡಿ ಯಾತಕ್ಕ ಅಂತ ನನ್ನ ಕೇಳ್ತಾರ. ಹಿಂಗ ಆದ್ರ ಇದನ್ನ ಹಿರೇಕೆರೂರ ಕಡೆ ಬ್ಯಾರೆ ತಾಂಡಾಕ್ಕ ಕೊಡತಾರ. ನಿನಗ ಬ್ಯಾಡಾಗಿದ್ರ ಹೇಳಿಬಿಡು."

"ಬೇಕ್ರಿ," ಅಂದೆ. ಊರಿನ ಅಗಸಿಯ ಕಥೆಯನ್ನು ಜೀಪಿನಲ್ಲಿ ಬಂದವರಿಗೆ ಎಲ್ಲಿಂದ ಶುರುಮಾಡಿ ಹೇಳುವುದು?

ಮರುದಿನದಿಂದ ಊರನ್ನೇ ಬಿಟ್ಟು ಸುತ್ತು ಹೊಡೆದೆ. ನಮ್ಮ ಕೇರಿಯಿಂದ ಕೆಳಗೆ ಹೊಳೆಗೆ ಬಂಡಿದಾರಿ ಇತ್ತು. ಹೊಳೆಯ ದಂಡೆ ಹಿಡಿದು, ಯಾರೂ ಇಲ್ಲದ ಹಾಳೂರಿನ ನಡುವೆ ಹಾಯ್ದು, ಗುಡ್ಡದ ಹಿಂಬದಿಯಿಂದ ತಾಂಡಾ ಸೇರುವ ದಾರಿ. ದೂರ ಹೆಚ್ಚು, ಆದರೆ ಉದ್ದಕ್ಕೂ ಕೂತೇ ಹೋಗಬಹುದಿತ್ತು. ಹೊಳೆಯ ಉಸುಕಿನಲ್ಲಿ ಮಾತ್ರ ಇಳಿಯಬೇಕು. ದಾಟಿದರೆ ಹಾಳೂರು. ಅಲ್ಲಿ ಬಿದ್ದ ಗುಡಿಯ ಕಂಬಗಳಿದ್ದವು, ಅರ್ಧ ಹೂತ ವೀರಗಲ್ಲುಗಳಿದ್ದವು, ಸವೆದ ಅಕ್ಷರದ ಶಾಸನವಿತ್ತು. ಅವು ಯಾರ ಮನೆಯ ಕಟ್ಟೆಯೂ ಅಲ್ಲ. ಒಂದು ಕಂಬದ ಮೇಲೆ ನಿಂತು ಹತ್ತುತ್ತಿದ್ದೆ. ವೀರಗಲ್ಲಿಗೆ ಮಾತ್ರ ಕಾಲು ತಾಗಿಸುತ್ತಿರಲಿಲ್ಲ. ಕುದುರೆಯ ಮೇಲೆ ಕೂತ ಆ ಮನುಷ್ಯನ ಮುಖ ಸವೆದಿತ್ತು, ಆದರೂ ನೋಡುತ್ತಿದ್ದ ಹಾಗಿತ್ತು.

ಖಡಿ ಮತ್ತು ಉರುಟುಗಲ್ಲಿನ ದಾರಿಯಲ್ಲಿ ಹ್ಯಾಂಡಲ್ಲನ್ನು ಬಿಗಿ ಹಿಡಿದಷ್ಟೂ ಬೀಳುತ್ತೇವೆ. ಸ್ವಲ್ಪ ಸಡಿಲ ಬಿಟ್ಟರೆ ಗಾಲಿಯೇ ತನ್ನ ದಾರಿ ನೋಡಿಕೊಳ್ಳುತ್ತದೆ. ಅದನ್ನು ಆ ಬೇಸಿಗೆಯಲ್ಲಿ ಕಲಿತೆ. ಇಳಿಜಾರಿನಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವು, ಊಟದ ಡಬ್ಬಿ ಕ್ಯಾರಿಯರಿನಲ್ಲಿ ಕುಣಿಯುತ್ತಿತ್ತು. ತಾಂಡಾದ ಹತ್ತಿರ ಇಳಿದು ಕಚ್ಚೆ ಬಿಚ್ಚಿ ಸೀರೆ ಸರಿಮಾಡಿಕೊಳ್ಳುವಾಗ ಮಕ್ಕಳು "ಅಕ್ಕೋರ ಬಂದ್ರೋ" ಎಂದು ಓಡಿ ಬರುತ್ತಿದ್ದರು. ವೇಳೆಗೆ ಸರಿಯಾಗಿ ಬಾಗಿಲು ತೆರೆಯುತ್ತಿತ್ತು.

ಮುಂಗಾರು ಹಿಡಿದು ಹೊಳೆ ಬಂತು. ದಾರಿ ಮುಳುಗಿತು. ಮತ್ತೆ ಅಗಸಿಯೇ ಗತಿ.

"ನಾ ಇಳೀದೆ ಹೋದ್ರ ಏನಾಕ್ಕೈತ್ರಿ ಅತ್ತಿ?" ಎಂದು ರೊಟ್ಟಿ ಬಡಿಯುತ್ತ ಕೇಳಿದೆ.

"ನಿನಗೇನಾಕ್ಕೈತಿ? ನೀ ಸೈಕಲ್ ಮ್ಯಾಲ ಹೊಕ್ಕಿ. ನಾ ಜ್ವಾಳದ ಬುಟ್ಟಿ ಹೊತ್ತು ಗಿರಣಿ ಮುಂದ ನಿಲ್ಲಾಕಿ. ನನ್ನ ಬುಟ್ಟಿ ಸಂಜೀತನಾ ಅಲ್ಲೇ ಕುಂದರ್ತೈತಿ."

ಮಾವ ಬಾಗಿಲಲ್ಲಿ ಹಗ್ಗ ಹೊಸೆಯುತ್ತಿದ್ದರು. "ಇಳೀಬ್ಯಾಡ ತಂಗಿ," ಅಂದರು.

"ಹೌದು, ಇಳೀಬ್ಯಾಡ! ಹಿಟ್ಟು ನಿಮ್ಮ ಬುದ್ಧ ಬೀಸ್ಕೊಂಡ ಬರ್ತಾನ," ಅಂದರು ಅತ್ತೆ.

ಮಾವ ಮತ್ತೆ ಹಗ್ಗಕ್ಕೆ ಕೈ ಹಾಕಿದರು. ಇಬ್ಬರ ನಡುವೆ ಕೂತು ನಾನು ರೊಟ್ಟಿ ಸುಟ್ಟೆ.

ಮೇಲ್ವಿಚಾರಕಿ ಮತ್ತೆ ಬರುವ ದಿನ ಬಂತು. ಆ ಬೆಳಗ್ಗೆ ಮನೆಯ ಕಟ್ಟೆಯಿಂದ ಹತ್ತಿದವಳು ಅಗಸಿಯಲ್ಲಿ ಇಳಿಯಲಿಲ್ಲ. ಇಳಿಯಬಾರದೆಂದೇ ಹೊರಟಿದ್ದೆ. ಒಳಗೆ ಹೋದಂತೆ ಎರಡೂ ಕಡೆ ಮಾತು ನಿಲ್ಲುತ್ತ ಬಂತು. ಚಾವಡಿಯ ಕಟ್ಟೆಯ ಮೇಲೆ ಊರಿನ ಹಿರಿಯರು ಕೂತಿದ್ದರು.

"ಏ ಯವ್ವಾ, ನಿಲ್ಲು," ಅಂದರು ಗೌಡರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಆದರೂ ನನ್ನ ಕೈ ಬ್ರೇಕ್ ಹಿಡಿಯಿತು, ಕಾಲು ನೆಲಕ್ಕೆ ಬಂತು.

"ಯಾರ ಸೊಸಿ ನೀ?"

ಹೇಳಿದೆ.

"ನಿಮ್ಮ ಮಾವಗ ಗೊತ್ತೈತಲ್ಲ, ಇಲ್ಲಿ ಹೆಂಗ ಹೋಗಬೇಕಂತ? ನಿನಗ ಹೇಳಿಲ್ಲೇನು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಾಕೆ ಇಳಿಯಬೇಕು ಎಂದು ಮನೆಯಿಂದ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದ ಮಾತು ಮರೆತುಹೋಯಿತು. ನಿಜವಾಗಿದ್ದ ಇನ್ನೊಂದು ಮಾತು ಬಾಯಿಗೆ ಬಂತು.

"ಇಳದ್ರ ಮತ್ತ ಹತ್ತಾಕ ಬರಂಗಿಲ್ರಿ ನನಗ. ಅಲ್ಲಿ ಕಲ್ಲಿಲ್ರಿ."

ಕಟ್ಟೆಯ ಮೇಲಿನವರೆಲ್ಲ ನಕ್ಕರು. ಮುದುಕರೊಬ್ಬರು ಕೆಮ್ಮು ಬರುವಷ್ಟು ನಕ್ಕರು.

"ನೋಡ್ರೋ, ಕುದುರಿ ಹೊಡೀತಾಳ, ಜೀನದ ಮ್ಯಾಲ ಕೂಡಿಸಾಕ ಮಂದಿ ಬೇಕು!"

"ಗಂಡನ್ನ ಬೆನ್ನಿಗೆ ಕಟಗೊಂಡ ಬಾರಬೇ!"

ನನಗೂ ನಗು ಬಂದಂತಾಯಿತು. ಗೌಡರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಆತು ಬಿಡವಾ. ಸಣ್ಣ ಹುಡುಗರಿಗೆ ಕಲಿಸಾಕ ಹೊಂಟಾಕಿ, ನಿನ್ನ ತ್ರಾಸ ನನಗ ತಿಳೀತು. ಇವತ್ತ ನಡಕೊಂಡ ಹೋಗು. ಏನರ ಮಾಡೋಣಂತ."

ಅಂದು ತಡವಾಗಿಯೇ ತಾಂಡಾ ಮುಟ್ಟಿದೆ. ಮೇಲ್ವಿಚಾರಕಿ ಬರಲಿಲ್ಲ. ಮನಸ್ಸು ಹಗುರವಾಗಿತ್ತು. ಕೂತೇ ಹೋಗಲು ಬಿಟ್ಟುಬಿಡುತ್ತಾರೆ, ನನ್ನೊಬ್ಬಳನ್ನಾದರೂ ಬಿಡುತ್ತಾರೆ ಎಂದುಕೊಂಡೆ. ಅತ್ತೆಗೂ ಹಾಗೇ ಹೇಳಿದೆ.

ಕೆಲವು ದಿನಗಳಲ್ಲಿ ಹುಣಸೆಮರದಾಚೆ ಇಬ್ಬರು ಆಳುಗಳು ಹಾರೆ ಹಿಡಿದು ಗುಂಡಿ ತೋಡುತ್ತಿದ್ದರು. ಬಂಡಿಯಲ್ಲಿ ಒಂದು ಕಲ್ಲು ಬಂದಿತ್ತು. ಚಪ್ಪಟೆ, ಮೊಣಕಾಲೆತ್ತರ, ಮೇಲ್ಮೈ ಚಾಣದಿಂದ ಒರಟು ಮಾಡಿ ಕಾಲು ಜಾರದಂತೆ ಹದ ಮಾಡಿದ್ದರು. ಗೌಡರೇ ಬಂದು ನಿಂತಿದ್ದರು.

"ನಿನಗಂತನ ಹಾಕ್ಸೇನಿ. ಹತ್ತಿ ನೋಡವಾ. ಎತ್ತರ ಸಾಕೇನು?"

ಹತ್ತಿ ನೋಡಿದೆ. ಅಳತೆ ತೆಗೆದ ಹಾಗೆ ಸರಿಯಾಗಿತ್ತು.

"ಸಾಕ್ರಿ," ಅಂದೆ.

"ಇನ್ನ ಅಗಸ್ಯಾಗ ಇಳಿಯಾಕ ತ್ರಾಸಿಲ್ಲಲ್ಲ?"

"ಇಲ್ರಿ."

ಊರಿಗೆಲ್ಲ ಖುಷಿಯಾಯಿತು. ಗಿರಣಿಯಲ್ಲಿ ಅತ್ತೆಯ ಬುಟ್ಟಿಯನ್ನು ಅಂದು ಮುಂದಕ್ಕೆ ತೆಗೆದುಕೊಂಡರಂತೆ. "ನಮ್ಮ ಸೊಸಿ ಸಲುವಾಗಿ ಕಲ್ಲ ಹಾಕ್ಸ್ಯಾರ" ಎಂದು ಅವರು ಕೇರಿಯೆಲ್ಲ ಹೇಳಿಕೊಂಡು ಬಂದರು. ಮಾವ ಮಾತ್ರ ಊಟಕ್ಕೆ ಕೂತಾಗ ನನ್ನ ಮುಖ ನೋಡದೆ, "ಅವ್ರು ಕೇಳಿದ್ದ ಹತ್ತೂದರ ಮಾತಲ್ಲ ತಂಗಿ," ಅಂದರು. ನನಗೆ ಅದು ಅಷ್ಟು ಹೊತ್ತಿಗಾಗಲೇ ತಿಳಿದಿತ್ತು. ಅಲ್ಲಿ ಇಳಿಯಲಾರೆ ಎನ್ನಲು ನನಗಿದ್ದದ್ದು ಒಂದೇ ಕಾರಣ. ಅದನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ, ಅವರು ಅದನ್ನು ಪ್ರೀತಿಯಿಂದಲೇ ತೆಗೆದುಹಾಕಿದ್ದರು. ಕಲ್ಲು ಬೇಡ ಎನ್ನಲು ಈಗ ಯಾವ ಮುಖ?

ಸಂತೆಯ ದಿನ ಗಂಡ ಬಂದರು. ಕಲ್ಲನ್ನು ನೋಡಿಕೊಂಡೇ ಬಂದಿದ್ದರು. ಚಹಾ ಕುಡಿಯುತ್ತ, ರಸ್ತೆ ಕೆಲಸದವರು ಕೆಲಸದ ಬಗ್ಗೆ ಹೇಳುವ ಹಾಗೆ, "ಬುಡಕ ಖಡಿ ತುಂಬಿ ಗುದ್ದಿ ಕೂಡಿಸ್ಯಾರ. ಅದ ಇನ್ನ ಅಳಗಾಡಂಗಿಲ್ಲ," ಅಂದರು.

"ನೆಲದಿಂದ ಹತ್ತೂದ ಕಲಿಸ್ತೇನಿ ಅಂದಿದ್ರಿ."

"ಕಲ್ತು ಏನ್ ಮಾಡ್ತಿ ಈಗ?"

ನಿಜವೇ. ಕಲಿತರೂ ಅಗಸಿಯಲ್ಲಿ ಇಳಿಯುವುದು ಇಳಿಯುವುದೇ. ಕಲಿಯದಿದ್ದರೆ ಕಲ್ಲಿದೆ.

ಕೆಲಸ ಉಳಿಯಿತು. ಮೇಲ್ವಿಚಾರಕಿ ಬಂದಾಗ ಬಾಗಿಲು ತೆರೆದಿತ್ತು, ಮಕ್ಕಳು ತಾಟು ಹಿಡಿದು ಕೂತಿದ್ದರು. "ಈಗ ನೋಡವಾ, ಮನಸ್ಸ ಮಾಡಿದ್ರ ಆತು," ಎಂದು ಬೆನ್ನು ತಟ್ಟಿದರು. ಹೊಳೆ ಇಳಿದ ಮೇಲೂ ನಾನು ಹಾಳೂರಿನ ದಾರಿಗೆ ಹೋಗಲಿಲ್ಲ. ಕಲ್ಲು ಹಾಕಿಸಿಕೊಂಡು ಸುತ್ತು ಹೊಡೆದರೆ ಗೌಡರಿಗೆ ಏನನ್ನಿಸೀತು ಎಂದು ಅತ್ತೆ ಬಿಡಲಿಲ್ಲ.

ಬೆಳಗ್ಗೆ ಅಗಸಿಯಲ್ಲಿ ಇಳಿಯುತ್ತಿದ್ದೆ. ಚಾವಡಿಯ ಮುಂದೆ ತಳ್ಳಿಕೊಂಡು ಹಾಯುವಾಗ ಗೌಡರಿದ್ದರೆ ವಿಚಾರಿಸುತ್ತಿದ್ದರು.

"ಏನವಾ, ಚಲೋ ಕುಂತೈತಿಲ್ಲ ಕಲ್ಲು?"

"ಹೂಂ ರಿ, ಚಲೋ ಕುಂತೈತಿ," ಎನ್ನುತ್ತಿದ್ದೆ.