ಆಯಿಯ ಲಟ್ಟಣಿಗೆ, ಅಪ್ಪನ ಗಾಳ

ಆಗೆಲ್ಲ ನಮ್ಮೂರು ಬಾಡದಲ್ಲಿ ಮಳೆ ಹಿಡಿಯಿತೆಂದರೆ ದೋಣಿಗಳು ದಂಡೆಗೆ ಬಂದು ತೆಂಗಿನ ಮಡಲಿನ ಚಪ್ಪರದಡಿ ಮಲಗಿಬಿಡುತ್ತಿದ್ದವು. ಮೀನು ತಿನ್ನಬೇಕೆಂದರೆ ಒಣಮೀನು ಸುಡಬೇಕು, ಇಲ್ಲವೇ ಗಾಳ ಹಾಕಬೇಕು. ನಾನು ಐದನೇ ಇಯತ್ತೆಗೆ ಹೋಗಬೇಕಿದ್ದ ವರ್ಷ, ಶಾಲೆ ಶುರುವಾಗುವ ಮೊದಲೇ ನನ್ನನ್ನು ಹೆತ್ತ ಆಯಿ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ.

ಮನೆಯಲ್ಲಿ ಅಪ್ಪ, ಅಜ್ಜಿ, ನಾನು ಉಳಿದೆವು. ಅತ್ತು ಮುಗಿದಿತ್ತು. ಅಪ್ಪ ಕುಮಟೆಯ ಬಟ್ಟೆ ಅಂಗಡಿಯಿಂದ ಬಂದು, ಗಂಜಿ ಉಂಡು, ಗೋಡೆ ನೋಡುತ್ತ ಕೂರುತ್ತಿದ್ದ. ನನಗೆ ಹಸಿವಾದದ್ದೂ ತಿಳಿಯುತ್ತಿರಲಿಲ್ಲ, ಹೊಟ್ಟೆ ತುಂಬಿದ್ದೂ ತಿಳಿಯುತ್ತಿರಲಿಲ್ಲ. ಆಯಿಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಅಪ್ಪನಿಗೆ ಮೊದಲಿನಿಂದಲೂ ಗಾಳದ ಹುಚ್ಚು. ಆಯಿಯ ಅಣ್ಣ ಮುಂಬೈಯಿಂದ ತಂದುಕೊಟ್ಟಿದ್ದ ಫೈಬರಿನ ಕೋಲು ಅವನದು. ಹಿಡಿಗೆ ಬಾಟಲಿಯ ಬೂಚಿನಂಥ ಮೆತ್ತನೆಯ ಕಾರ್ಕ್ ಇತ್ತು. ಆಷಾಢದ ಒಂದು ಭಾನುವಾರ, ಏನನ್ನಿಸಿತೋ, ಅದನ್ನು ಅಟ್ಟದಿಂದ ಇಳಿಸಿದ. ನೋಡಿದರೆ ಹಿಡಿಯೇ ಇಲ್ಲ. ಗಾಳಕ್ಕೆ ಸಿಕ್ಕಿಸುವ ಶೆಟ್ಲಿಯ, ಅಂದರೆ ಸಿಗಡಿಯ, ವಾಸನೆ ಕಾರ್ಕಿಗೆ ಅಂಟಿತ್ತು; ಇಲಿಗಳು ಅದನ್ನು ಕಡಿದು ಪುಡಿ ಮಾಡಿದ್ದವು.

ಅಪ್ಪ ಕೋಲಿಗಂಟಿದ್ದ ಪುಡಿಯನ್ನು ಒರೆಸಿದ. ಆಮೇಲೆ ಅಡುಗೆಮನೆಗೆ ಹೋಗಿ ಆಯಿಯ ಲಟ್ಟಣಿಗೆ ತಂದ. ಮುಂಬೈಯಲ್ಲಿ ಬೆಳೆದ ಆಯಿಗೆ ರಾತ್ರಿ ಚಪಾತಿಯೇ ಆಗಬೇಕಿತ್ತು. ಅಜ್ಜಿಗೆ ಚಪಾತಿ ಮಾಡಲು ಬಾರದು. ಆಯಿ ಹೋದಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

"ಅದೆಂತಕ್ಕೆ ತೆಗೆದೆ?" ಅಜ್ಜಿ ಕೇಳಿದಳು.

"ಗಾಳದ ಹಿಡಿಗೆ."

"ಊರಲ್ಲಿ ಬೇರೆ ಕಟ್ಟಿಗೆ ಇಲ್ವನಾ? ಅದು ಅವಳು ಹಿಡಿದದ್ದು ಮಾರಾಯಾ!"

"ಗೊತ್ತು," ಅಂದ ಅಪ್ಪ. "ಅದಕ್ಕೇ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಪಕ್ಕದ ಮನೆಯ ಆಚಾರಿ ಜಗುಲಿಯಲ್ಲಿ ಕೂತು ಅದರ ಎರಡೂ ತುದಿ ಗರಗಸದಿಂದ ಕೊಯ್ದ. ಬೈರಿಗೆ ಹಿಡಿದು ನಡುವೆ ಉದ್ದಕ್ಕೆ ತೂತು ಕೊರೆಯತೊಡಗಿದ.

"ಭಾರ ಆಗ್ತದೆ ಮತ್ತೆ. ಕಾರ್ಕಿನ ಹಾಂಗೆ ಹಗುರ ಇರೂದಿಲ್ಲ."

"ಆಗ್ಲಿ."

ಕೆಳಗೆ ಬಿದ್ದಿದ್ದ ತುಂಡೊಂದನ್ನು ಎತ್ತಿ ನಾನು ಮೂಸಿದೆ. ಹಿಟ್ಟಿನ ವಾಸನೆಯಿಲ್ಲ, ಎಣ್ಣೆಯದೂ ಇಲ್ಲ. ಬರೀ ಮರದ್ದು. ಅಳು ಬರಬೇಕಿತ್ತು. ಬರಲಿಲ್ಲ. ತುಂಡನ್ನು ಅಲ್ಲೇ ಇಟ್ಟೆ.

ಮುಂದಿನ ಭಾನುವಾರ ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ಕಾಗಾಲಕ್ಕೆ ಕರೆದೊಯ್ದ. ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಟ್ಟೆಯ ಮೇಲೆ, ಒಂದೇ ಕೊಡೆಯಡಿ ಕೂತೆವು. ಕೆಸರಿನ, ಕೊಳೆತ ಹುಲ್ಲಿನ ವಾಸನೆ. ಬೆರಳೆಲ್ಲ ಥಂಡಿಗೆ ಮರಗಟ್ಟಿದ್ದವು.

"ಭಾರ ಆತಾ ಅಪ್ಪ?"

"ಹ್ಞೂಂ. ಆದ್ರೂ ಮೀನು ಮುಟ್ಟಿದ್ದು ಚಲೋ ಗೊತ್ತಾಗ್ತದೆ. ಹಿಡಿ ನೋಡು."

ಹಿಡಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅಂಗೈಯೊಳಗೆ ಟಕ್, ಟಕ್ ಎಂದು ಯಾರೋ ಬಾಗಿಲು ತಟ್ಟಿದ ಹಾಗೆ. ಒಮ್ಮೆಲೇ ಕೋಲು ಬಾಗಿತು.

"ಬಿಡಬೇಡ ಮಗಾ!" ಅಪ್ಪ ನನ್ನ ಕೈಗಳ ಮೇಲೆ ಕೈಯಿಟ್ಟು ಅದುಮಿದ. ಕೊಡೆ ಗಾಳಿಗೆ ಹಾರಿ ಗದ್ದೆಗೆ ಬಿತ್ತು. ನೀರಿನಲ್ಲಿ ಕೆಂಪು ಬೆನ್ನೊಂದು ಹೊರಳಿತು, ದೊಡ್ಡ ಕೆಂಬೇರಿ ಮೀನು. ಅಷ್ಟರಲ್ಲಿ ದಾರ ಕಡಿದುಹೋಗಿ ನಾವಿಬ್ಬರೂ ಹಿಂದಕ್ಕೆ ಕೆಸರಿನಲ್ಲಿ ಬಿದ್ದೆವು.

ಅಪ್ಪ ಏಳಲಿಲ್ಲ. ಮಳೆಗೆ ಮುಖವೊಡ್ಡಿ ಬಿದ್ದಲ್ಲೇ ಹೇಳಿದ: "ಸುಮಿತ್ರಾ ಇದ್ದಿದ್ರೆ ಎಷ್ಟು ನಗಾಡ್ತಿದ್ಲು."

ಆಯಿ ಹೋದ ಮೇಲೆ ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ನಿಂಗೆ ಕೋಣ ಅಂತಿದ್ಲು," ಅಂದೆ. ಅಪ್ಪ ನಕ್ಕ. ನಗುತ್ತಲೇ ಅವನ ಮುಖ ಸೊಟ್ಟಗಾಯಿತು. ನಾನು ಅವನ ಒದ್ದೆ ಅಂಗಿ ಹಿಡಿದುಕೊಂಡು ಅತ್ತೆ. ಅಳು ಮುಗಿದ ಮೇಲೆ ಚಳಿ ಗೊತ್ತಾಯಿತು, ಹಸಿವೂ ಗೊತ್ತಾಯಿತು. ಮೀನಿಲ್ಲದೆ ಮನೆಗೆ ಬಂದೆವು. ಅಜ್ಜಿ ಬಿಸಿ ಗಂಜಿಗೆ ಒಣಶೆಟ್ಲಿ ಚಟ್ನಿ ಬಡಿಸಿದಳು. ನಾನು ಎರಡನೇ ಸಲ ಹಾಕಿಸಿಕೊಂಡೆ.

ಕಾಗಾಲದ ಆ ಕಟ್ಟೆ ಈಗ ಗುರುತು ಸಿಗುವುದಿಲ್ಲ. ಭತ್ತ ಬೆಳೆಯುತ್ತಿದ್ದಲ್ಲಿ ಸಿಗಡಿ ಕೆರೆಗಳು, ಸುತ್ತ ಬೇಲಿ. ಅಜ್ಜಿ ಎಂದೋ ಹೋದಳು. ಹೋದ ವರ್ಷ ಅಪ್ಪನೂ ಹೋದ. ಆಯಿಯ ಮುಖವೇನೋ ಫೋಟೊದಲ್ಲಿದೆ. ನಾನು ಆಯಿಯ ಮಾತೆತ್ತಿದರೆ ಕೇಳಿಸಿಕೊಳ್ಳುವ ನನ್ನ ಮಕ್ಕಳಿದ್ದಾರೆ. ಆದರೆ ಅವಳನ್ನು ಸುಮಿತ್ರಾ ಎಂದು ಕರೆಯುವವರು ಮಾತ್ರ ಈಗ ಯಾರೂ ಇಲ್ಲ.