ಎರಡು ಬೆರಳು ಕೆಳಗೆ

ನನಗೆ ಪಾರಿವಾಳಗಳೆಂದರೆ ಅಸಹ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದನ್ನು ಓದಿದವರು ನನ್ನನ್ನು ಬಹಳ ಮೃದು ಮನಸ್ಸಿನವಳು ಎಂದುಕೊಂಡಾರು.

ಈ ಅರಬ್ ದೇಶದ ಶುವೈಖ್‌ನಲ್ಲಿ ನಾನು ಕೆಲಸ ಮಾಡುವ ಗೋದಾಮಿನಲ್ಲಿ ಅಕ್ಕಿ, ಬೇಳೆ, ಸಕ್ಕರೆಯ ಮೂಟೆಗಳನ್ನು ಚಾವಣಿಯ ಹತ್ತಿರದವರೆಗೆ ಪೇರಿಸಿಟ್ಟಿರುತ್ತಾರೆ. ಲಾರಿಗಳು ಬರುವ ದೊಡ್ಡ ಶಟರ್ ಬೆಳಗ್ಗೆಯಿಂದ ತೆರೆದೇ ಇರುತ್ತದೆ. ಪಾರಿವಾಳಗಳು ಅಲ್ಲಿಂದಲೇ ನುಗ್ಗಿ, ತಗಡಿನ ಚಾವಣಿಯ ಕೆಳಗಿನ ಕಬ್ಬಿಣದ ತೊಲೆಗಳ ಮೇಲೆ ಸಂಸಾರ ಹೂಡಿದ್ದವು. ಮೂಟೆಗಳ ಮೇಲೆಲ್ಲ ಬಿಳಿ, ಹಸಿರು ಹಿಕ್ಕೆ. ಗಾಳಿ ಬೀಸಿದರೆ ಒಣಗಿದ ಹಿಕ್ಕೆಯ ಪುಡಿ ನನ್ನ ಮೇಜಿನ ಮೇಲೆ ಬಂದು ಕೂರುತ್ತಿತ್ತು. ನಾನು ಅಲ್ಲಿ ಮಾಲಿನ ಕಾಗದಪತ್ರ ನೋಡಿಕೊಳ್ಳುವವಳು. ಬೆಳಗಿನ ಚಹಾದ ಲೋಟದ ಮೇಲೆ ಒಂದು ತಟ್ಟೆ ಮುಚ್ಚಿಟ್ಟುಕೊಂಡೇ ಹನ್ನೊಂದು ವರ್ಷ ಕಳೆದಿದ್ದೆ. ಈ ಹಕ್ಕಿಗಳಿಗೆ ಏನಾದರೂ ಮಾಡಿ ಎಂದು ಮ್ಯಾನೇಜರಿಗೆ ಬರೆದು ಕೊಟ್ಟವಳೂ ನಾನೇ. ಒಮ್ಮೆಯಲ್ಲ, ಮೂರು ಸಲ.

ಮ್ಯಾನೇಜರ್ ನಮ್ಮ ಕರಾವಳಿಯವರೇ, ಪುತ್ತೂರಿನ ಕಡೆಯವರು. ಮನೆಮಾತು ತುಳು. ನನ್ನದು ಕೊಂಕಣಿ. ಇಬ್ಬರೇ ಇದ್ದಾಗ ಮಂಗಳೂರು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಊರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಆ ಹೆಸರು ಕೇಳಿದಾಗ ನನಗೆ ಒಂದು ಬಗೆಯ ಸಲಿಗೆ, ಧೈರ್ಯ ಬರುತ್ತಿತ್ತು. ಅವರ ಖಾಸಗಿ ಪತ್ರಗಳನ್ನೂ ಮಕ್ಕಳ ಶಾಲೆಯ ಅರ್ಜಿಗಳನ್ನೂ ನಾನು ಬರೆದುಕೊಡುತ್ತಿದ್ದದ್ದು ಆ ಸಲಿಗೆಯಿಂದಲೇ.

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ, ಒಂದು ಶನಿವಾರ, ಲೋಡಿಂಗ್ ಮುಗಿದು ಹೆಚ್ಚಿನವರು ಮನೆಗೆ ಹೋದ ಮೇಲೆ ಅವರು ಒಂದು ಕಪ್ಪು ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು.

"ಬಾಯಮ್ಮ, ನಿಮ್ಮ ಪಾರಿವಾಳಕ್ಕೆ ಮದ್ದು ಬಂತು."

ಒಳಗಿದ್ದದ್ದು ಏರ್ ಗನ್. ನಾನು ನೋಡಿದ ಯಾವ ಕೋವಿಯಂತೆಯೂ ಅದು ಇರಲಿಲ್ಲ. ನನ್ನ ಕೈಯಷ್ಟುದ್ದ, ದಪ್ಪ, ಗಿಡ್ಡ. ಗುಂಡು ತುಂಬುವ ಭಾಗ ಟ್ರಿಗರಿನ ಮುಂದಿರುವ ಬದಲು ಹಿಂದೆ, ಶೂಟ್ ಮಾಡುವವನ ಕೆನ್ನೆಯ ಕೆಳಗೇ ಇತ್ತು. ಹಾಗಾಗಿ ನಳಿಗೆಯ ಉದ್ದ ಕಡಿಮೆ ಮಾಡದೆ ಕೋವಿಯನ್ನು ಗಿಡ್ಡ ಮಾಡಬಹುದಂತೆ. ಬುಲ್‌ಪಪ್ ಅನ್ನುತ್ತಾರೆ ಇದಕ್ಕೆ ಎಂದು ಅವರು ವಿವರಿಸಿದರು. ಸಿಲಿಂಡರಿನಲ್ಲಿ ಗಾಳಿ ಒತ್ತಿ ತುಂಬಿದರೆ ಸೀಸದ ಗುಂಡು ಸದ್ದಿಲ್ಲದೆ ಹೋಗುತ್ತದೆ. ಮೇಲೆ ಒಂದು ದುರ್ಬೀನು, ನಳಿಗೆಯಿಂದ ಬಹಳ ಎತ್ತರದಲ್ಲಿ, ಗೂನುಬೆನ್ನಿನ ಹಾಗೆ.

ಹತ್ತಿರದ ರಾಯ್ ಬಡಾವಣೆಯಲ್ಲಿ ಅವರ ಸ್ನೇಹಿತನೊಬ್ಬನಿಗೆ ಡೇರೆ, ಮೀನುಗಾಳ, ಮರುಭೂಮಿಯ ಕ್ಯಾಂಪಿಗೆ ಬೇಕಾದ ಸಾಮಾನು ಮಾರುವ ಅಂಗಡಿಯಿತ್ತು. ಈ ಕೋವಿಯನ್ನು ಅಂಗಡಿಯಲ್ಲಿ ಇಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು, ಬೇಟೆಗೆ ಆಗುತ್ತದೆಯೇ ನೋಡಿ ಹೇಳು ಎಂದು ಇವರಿಗೆ ಕೊಟ್ಟಿದ್ದನಂತೆ. ಚಿಕ್ಕಂದಿನಲ್ಲಿ ಕಾಡುಹಂದಿ ಹೊಡೆದ ಕತೆಯನ್ನು ನಮ್ಮ ಮ್ಯಾನೇಜರ್ ಎಲ್ಲರಿಗೂ ಹೇಳಿಟ್ಟಿದ್ದರ ಫಲ ಅದು.

"ಇದಕ್ಕೆ ಪರವಾನಗಿ ಬೇಡ್ವಾ ಸರ್?" ಎಂದು ಕೇಳಿದೆ.

"ಅದೆಲ್ಲ ಅವ ನೋಡಿಕೊಳ್ತಾನೆ ಮಾರ್ರೆ. ನೀವು ಒಂದು ರಿಪೋರ್ಟ್ ಬರೆದುಕೊಡಿ. ನಿಮ್ಮ ಇಂಗ್ಲಿಷ್ ಒಳ್ಳೇದುಂಟಲ್ಲ. ನಾನು ಹೊಡಿತೇನೆ, ನೀವು ಬರೀರಿ. ಎಷ್ಟು ದೂರ, ಎಲ್ಲಿ ತಾಗಿತು, ಒಂದೇ ಏಟಿಗೆ ಬಿತ್ತಾ. ಅಷ್ಟೇ."

ಬೇಡ ಎನ್ನಬಹುದಿತ್ತು. ಆದರೆ ನನಗೆ ಹಕ್ಕಿಗಳು ಹೋದರೆ ಸಾಕಾಗಿತ್ತು. ಸರಕು ಎಣಿಸುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ಅಂಕಣ ಮಾಡಿಕೊಂಡು ಅವರ ಹಿಂದೆ ಹೋದೆ.

ಗೋದಾಮಿನಲ್ಲಿ ಉಳಿದಿದ್ದವನು ಬಾಂಗ್ಲಾದೇಶದ ಒಬ್ಬ ಭಾಯಿ. ಐವತ್ತು ದಾಟಿದ ಮನುಷ್ಯ. ನನಗಿಂತ ಮೊದಲಿನಿಂದ ಅಲ್ಲಿದ್ದವನು, ಮೂಟೆ ಪೇರಿಸುವುದರಲ್ಲಿ ಅವನದೇ ಕೊನೆಯ ಮಾತು. ಬಿದ್ದ ಹಕ್ಕಿಗಳನ್ನು ಆರಿಸಿ ತರುವ ಕೆಲಸ ಅವನಿಗೆ.

ಮೊದಲನೆಯ ಗುಂಡಿಗೆ ಒಂದು ಟಪ್ ಎಂಬ ಸದ್ದು, ಯಾರೋ ದಪ್ಪ ಪುಸ್ತಕ ಮುಚ್ಚಿದಂತೆ. ತೊಲೆಯ ಮೇಲಿದ್ದ ಪಾರಿವಾಳ ಮೂಟೆಗಳ ಮೇಲೆ ಉರುಳಿತು.

"ಬರೀರಿ. ಹನ್ನೆರಡು ಮೀಟರ್. ಒಂದು ಏಟು, ಒಂದು ಹಕ್ಕಿ."

ಭಾಯಿ ಮೇಲೆ ಹತ್ತಿ ಅದನ್ನು ತಂದು ನನಗೆ ತೋರಿಸಿದ. "ಮೇಡಮ್, ಯೇ ತೋ ಜಿಂದಾ ಹೈ."

ಹೌದು, ಜೀವವಿತ್ತು. ಹೊಟ್ಟೆಯ ಕೆಳಭಾಗ ತೆರೆದುಕೊಂಡು, ಒಳಗಿನದು ಅವನ ಹೆಬ್ಬೆರಳಿನ ಮೇಲೆ ಇಳಿದಿತ್ತು. ಕೊರಳು ನೆಟ್ಟಗಿತ್ತು. ಕಿತ್ತಳೆ ಬಣ್ಣದ ಕಣ್ಣು ಪಿಳಿಪಿಳಿ ಮಾಡುತ್ತ, ಏನೂ ಆಗದ ಹಕ್ಕಿಯಂತೆ ಅತ್ತಿತ್ತ ನೋಡುತ್ತಿತ್ತು. ಭಾಯಿ ಆಚೆ ತಿರುಗಿ ಕೊರಳು ತಿರುಚಿದ. ನಾನು 'ಹೊಟ್ಟೆ, ಜೀವಂತ' ಎಂದು ಬರೆದೆ.

ಮ್ಯಾನೇಜರ್ ಇಣುಕಿ ನೋಡಿ ನಕ್ಕರು. "ಬಿದ್ದದ್ದು ಬಿದ್ದ ಹಾಗೆ ಬಾಯಮ್ಮ. ಜೀವ ಉಂಟಾ ಇಲ್ವಾ ಅಂತ ಯಾರು ಕೇಳ್ತಾರೆ?"

ಎರಡನೆಯದಕ್ಕೆ ಕಾಲು ಹೋಯಿತು. ಮೂರನೆಯದು ತಪ್ಪಿತು. ನಾಲ್ಕನೆಯದು ಬಾಲದ ಕೆಳಗೆ ಏಟು ತಿಂದು, ಹಾರಲೂ ಆಗದೆ ಸಾಯಲೂ ಆಗದೆ ಮೂಟೆಗಳ ಮೇಲೆಲ್ಲ ರೆಕ್ಕೆ ಬಡಿದುಕೊಂಡು ಓಡಾಡಿ, ಎರಡು ಸಾಲುಗಳ ಸಂದಿಗೆ ಬಿದ್ದು ಕಾಣೆಯಾಯಿತು. ಒಳಗಿನಿಂದ ಪರಪರ ಸದ್ದು ಕೇಳುತ್ತಿತ್ತು. ಭಾಯಿ ಭುಜದವರೆಗೆ ಕೈ ತೂರಿಸಿದ, ಎಟುಕಲಿಲ್ಲ. ಮ್ಯಾನೇಜರಿಗೆ ರೇಗಿತ್ತು. ಕೋವಿಯ ಟ್ರಿಗರ್ ಸರಿಯಿಲ್ಲ, ಹಿಂದೆ ಭಾರ ಹೆಚ್ಚು ಎಂದು ಗೊಣಗಿದರು. ಅದನ್ನೂ ಬರೆದುಕೊಂಡೆ.

ಏಳನೆಯದರ ಹೊತ್ತಿಗೆ ನನಗೊಂದು ವಿಷಯ ಹೊಳೆಯಿತು. ಹನ್ನೊಂದು ವರ್ಷ ಅಂಕಣ ನೋಡಿದ ಕಣ್ಣು ನನ್ನದು. ಹೊಟ್ಟೆ, ಕಾಲು, ತಪ್ಪಿತು, ಬಾಲದ ಕೆಳಗೆ, ಕಾಲು, ತಪ್ಪಿತು, ಹೊಟ್ಟೆ. ಒಂದಾದರೂ ಮೇಲೆ ಹೋಗಿರಲಿಲ್ಲ. ತಪ್ಪಿದ ಗುಂಡುಗಳು ತೊಲೆಯ ಬಣ್ಣ ಎಬ್ಬಿಸಿದ ಚುಕ್ಕೆಗಳು ಹಕ್ಕಿ ಕೂತಿದ್ದ ಜಾಗದ ಕೆಳಗೇ ಇದ್ದವು.

"ಸರ್, ಎಲ್ಲ ಎರಡು ಬೆರಳು ಕೆಳಗೆ ಬೀಳ್ತಾ ಉಂಟು," ಎಂದೆ. "ದುರ್ಬೀನು ಇಷ್ಟು ಮೇಲೆ ಉಂಟಲ್ಲ. ಅಂಗಡಿಯವರು ದೂರದ ಗುರಿಗೆ ಸರಿ ಮಾಡಿ ಕೊಟ್ಟಿರ್ಬೇಕು. ಹತ್ತಿರದಲ್ಲಿ ನೀವು ನೋಡುವ ಜಾಗಕ್ಕೂ ಗುಂಡು ಹೋಗುವ ಜಾಗಕ್ಕೂ ವ್ಯತ್ಯಾಸ ಬರ್ತದೆ."

ಅವರು ನನ್ನನ್ನೇ ನೋಡಿದರು. ಒಂದು ರಟ್ಟಿನ ಮುಚ್ಚಳ ತಂದು, ನನ್ನ ಮಾರ್ಕರಿನಲ್ಲಿ ಚುಕ್ಕೆ ಇಟ್ಟು, ಮೂರು ಗುಂಡು ಹಾರಿಸಿದರು. ಮೂರೂ ತೂತುಗಳು ಚುಕ್ಕೆಯ ಕೆಳಗೆ, ಒಂದರ ಪಕ್ಕ ಒಂದು. ಬೆರಳಿಟ್ಟು ಅಳೆದರು. ಸರಿಯಾಗಿ ಎರಡು.

"ಅಬ್ಬ ಬಾಯಮ್ಮ. ನೀವು ಶಿಕಾರಿಗೇ ಹುಟ್ಟಿದವರು ಮಾರ್ರೆ."

ನನಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಶಾಲೆಯಲ್ಲಿ ಲೆಕ್ಕ ಬಿಡಿಸಿ ಟೀಚರಿಂದ ಶಹಬ್ಬಾಸ್ ಅನ್ನಿಸಿಕೊಂಡ ಹುಡುಗಿಯ ಖುಷಿ. ಆಮೇಲೆ ಅವರು ಎರಡು ಬೆರಳು ಮೇಲೆ ಗುರಿಯಿಟ್ಟರು. ಎಂಟು, ಒಂಬತ್ತು, ಹತ್ತು. ಹಕ್ಕಿಗಳು ಕಲ್ಲಿನಂತೆ ಬಿದ್ದವು. ಅಂಕಣದಲ್ಲಿ ತಲೆ, ಎದೆ, ಎದೆ ಎಂದು ಬರೆಯುತ್ತ ಹೋದೆ. ಹನ್ನೆರಡನೆಯದು ನನ್ನ ಕಾಲ ಬುಡದಲ್ಲೇ ಬಿತ್ತು. ಅದಕ್ಕೆ ತಲೆಯೇ ಇರಲಿಲ್ಲ. ಕೊರಳಿನ ತುದಿಯಿಂದ ರಕ್ತದ ಜೊತೆ ಅದು ತಿಂದಿದ್ದ ಅಕ್ಕಿಕಾಳುಗಳು ಉದುರಿದವು, ಒಂದೊಂದಾಗಿ, ಇನ್ನೂ ಬೆಳ್ಳಗೆ. ನನ್ನ ಚಪ್ಪಲಿಯ ಮೇಲೆ ಎರಡು ಕಾಳು ಬಿದ್ದವು.

ಪುಸ್ತಕ ಅಲ್ಲೇ ಮೂಟೆಯ ಮೇಲಿಟ್ಟು ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡೆ. ಮಧ್ಯಾಹ್ನದ ಊಟವೆಲ್ಲ ಹೋಯಿತು. ಬಾಯಿ ಮುಕ್ಕಳಿಸಿ ಕನ್ನಡಿ ನೋಡಿದರೆ ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡೇ ಇದ್ದೆ. ಆ ಪೆನ್ನನ್ನು ಕಸದ ಡಬ್ಬಿಗೆ ಹಾಕಿದೆ.

ನಾನು ಹಿಂತಿರುಗುವಾಗ ಶಿಕಾರಿ ಮುಗಿದಿತ್ತು. ಮ್ಯಾನೇಜರ್ ಸೊಂಟದ ಮೇಲೆ ಕೈಯಿಟ್ಟು ಮೇಲಿನ ಸಾಲು ನೋಡುತ್ತಿದ್ದರು. ಅಲ್ಲಿದ್ದದ್ದು ಮಸೂರ ಬೇಳೆಯ ಮೂಟೆಗಳು. ಗಾಯಗೊಂಡ ಹಕ್ಕಿಗಳು ಒದ್ದಾಡಿದ ಕಡೆಯಲ್ಲೆಲ್ಲ ರಕ್ತ ಚೀಲದ ನೇಯ್ಗೆಯೊಳಗೆ ಇಳಿದಿತ್ತು. ತೊಲೆಗೆ ಬಡಿದು ತಿರುಗಿದ ಗುಂಡೊಂದು ಮೂಟೆಯನ್ನು ತೂತು ಮಾಡಿ, ಬೇಳೆ ಸಣ್ಣ ಧಾರೆಯಾಗಿ ನೆಲಕ್ಕೆ ಸುರಿದು ಗುಡ್ಡೆಯಾಗಿತ್ತು. ಗುಡ್ಡೆಯ ಮೇಲೆ ಗರಿಗಳು.

"ಗುಡಿಸಿ ಬೇರೆ ಚೀಲಕ್ಕೆ ತುಂಬ್ಸುವ," ಎಂದರು ಅವರು ನನಗೆ. "ನಾಳೆ ಲೇಬರ್ ಕ್ಯಾಂಪಿನ ಮೆಸ್ಸಿಗೆ ಲೋಡ್ ಹೋಗ್ಲಿಕ್ಕುಂಟಲ್ಲ, ಅದರಲ್ಲಿ ಸೇರಿಸಿ."

"ರಕ್ತ ಆಗಿದೆ ಸರ್."

"ಬೇಳೆ ಕೆಂಪೇ ಅಲ್ವಾ ಬಾಯಮ್ಮ. ಯಾರಿಗೂ ಗೊತ್ತಾಗುದಿಲ್ಲ. ಹೇಗೂ ತೊಳೆದು ಬೇಯಿಸ್ತಾರೆ."

ಇದನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳಿದಂತೆಯೂ ಇರಲಿಲ್ಲ. ಹೊರೆಯಾದ ಕೆಲಸವನ್ನು ಸುಲಭ ಮಾಡಿಕೊಡುವವರ ದನಿ ಅದು. ಭಾಯಿ ಕಸಬರಿಕೆ ಹಿಡಿದು ನಿಂತಿದ್ದ. ಅವನಿಗೆ ಕನ್ನಡ ಬಾರದು, ಆದರೆ ಮೆಸ್ಸು ಎಂಬ ಶಬ್ದ ಬರುತ್ತದೆ. ಅವನು ರಾತ್ರಿ ಉಣ್ಣುವುದು ಅಲ್ಲೇ. ಅವನು ಮ್ಯಾನೇಜರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಬೇಳೆಯನ್ನೇ ನೋಡುತ್ತಿದ್ದ.

"ಆಗುದಿಲ್ಲ ಸರ್," ಎಂದೆ. "ಅದರಲ್ಲಿ ಸೀಸದ ಗುಂಡುಂಟು. ಈ ಸಾಲನ್ನು ನಾನು ಡ್ಯಾಮೇಜ್ ಅಂತ ಬರೀತೇನೆ."

"ಕಫೀಲ್ ಕಾರಣ ಕೇಳಿದ್ರೆ?"

"ಕಾರಣವೂ ಬರೀತೇನೆ."

ನಮ್ಮ ಒಡೆಯನಾದ ಕಫೀಲ್ ಒಳ್ಳೆಯವನೋ ಕೆಟ್ಟವನೋ ಎಂಬುದು ಬೇರೆ ಮಾತು. ಆದರೆ ತನ್ನ ಗೋದಾಮಿನಲ್ಲಿ ಕೋವಿ ಹಾರಿತೆಂದರೆ ಬಿಡುವವನಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ನೀವೇ ಅಲ್ವಾ ಹಕ್ಕಿ ತೆಗೀರಿ ಅಂತ ಬರೆದದ್ದು?" ಎಂದರು ಕೊನೆಗೆ.

"ಹೌದು. ಅದನ್ನೂ ಬರೀತೇನೆ."

"ಖಲಾಸ್. ಎಂತ ಬೇಕಾದ್ರೂ ಮಾಡಿ. ನೀರು ಬಿದ್ದು ಹಾಳಾಯ್ತು ಅಂತ ಹಾಕಿ, ನಾನು ಸೈನ್ ಹಾಕ್ತೇನೆ." ಕೋವಿಯನ್ನು ಪೆಟ್ಟಿಗೆಗೆ ಹಾಕಿ, ಬಾಗಿಲು ಧಡಾರನೆ ಎಳೆದುಕೊಂಡು ಹೋದರು.

ನಾನು ನೀರು ಎಂದೇ ಬರೆದೆ. ಕೆಚ್ಚಿನಿಂದ ಮಾತಾಡಿದವಳಿಗೆ ಕಾಗದದ ಮುಂದೆ ಕೂತಾಗ ಇಲ್ಲಿ ವಾಸಕ್ಕೆ ಬೇಕಾದ ಇಕಾಮಾ ಪರವಾನಗಿ, ಗಂಡನ ಆಸ್ಪತ್ರೆಯ ಕೆಲಸ, ಮಗಳ ಶಾಲೆ ಎಲ್ಲ ನೆನಪಾಯಿತು. ಆ ಸುಳ್ಳು ಇವತ್ತಿಗೂ ಫೈಲಿನಲ್ಲಿದೆ. ಆದರೆ ಮೂಟೆಗಳು ಮೆಸ್ಸಿಗೆ ಹೋಗಲಿಲ್ಲ. ಅಷ್ಟು ಮೂಟೆಗಳನ್ನೂ ಭಾಯಿ ಒಂದೊಂದಾಗಿ ಕೊಯ್ದು ಕಸದ ದೊಡ್ಡ ತೊಟ್ಟಿಗೆ ಸುರಿದು, ಮೇಲೆ ಫಿನಾಯಿಲ್ ಹೊಯ್ಯುವವರೆಗೆ ನಾನು ಪಕ್ಕದಲ್ಲೇ ನಿಂತಿದ್ದೆ. ಯಾರೂ ಆರಿಸಿಕೊಳ್ಳಬಾರದು ಎಂದು ಫಿನಾಯಿಲ್ ಹಾಕಿದವನು ಅವನೇ, ನಾನು ಹೇಳಿರಲಿಲ್ಲ.

ರಿಪೋರ್ಟನ್ನೂ ಬರೆದುಕೊಟ್ಟೆ. ಕೊಡುವುದಿಲ್ಲ ಎಂದರೆ ಅವರೇ ತಮಗೆ ಬೇಕಾದಂತೆ ಬರೆಸುತ್ತಾರೆ ಅನ್ನಿಸಿತು. ಕೋವಿ ಗಿಡ್ಡ, ಇಕ್ಕಟ್ಟಿನಲ್ಲಿ ತಿರುಗಿಸಲು ಸುಲಭ, ಸದ್ದು ಕಡಿಮೆ, ಗುರಿ ಹೊಂದಿಸಿದ ಮೇಲೆ ಕರಾರುವಾಕ್ಕು. ಇವೆಲ್ಲ ನಿಜ. ಟ್ರಿಗರ್ ಮೆತ್ತಗೆ, ಹತ್ತಿರದಲ್ಲಿ ಕೆಳಗೆ ಬೀಳುತ್ತದೆ, ಅರಿಯದವರ ಕೈಯಲ್ಲಿ ಹಕ್ಕಿ ಸಾಯದೆ ನರಳುತ್ತದೆ. ಯಾವ ಹಕ್ಕಿ ಎಷ್ಟು ಹೊತ್ತು ಬದುಕಿತ್ತು, ಏನೇನು ಹೊರಗೆ ಬಂದಿತ್ತು ಎಂಬುದನ್ನೆಲ್ಲ ಒಂದು ಪುಟ ಬರೆದು, ಬೇಟೆಗೆ ಇದನ್ನು ಮಾರಬೇಡಿ ಎಂದು ಮುಗಿಸಿದೆ. ಮ್ಯಾನೇಜರ್ ಓದದೆಯೇ ಸ್ನೇಹಿತನಿಗೆ ಕಳಿಸಿದರು.

ಮಂಗಳವಾರದ ಹೊತ್ತಿಗೆ ಗೋದಾಮು ನಾರತೊಡಗಿತು. ಬುಧವಾರ ಭಾಯಿ ಮತ್ತಿಬ್ಬರು ಸೇರಿ ಒಂದು ಸಾಲು ಪೂರ್ತಿ ಇಳಿಸಿದರು. ಸಂದಿಯಲ್ಲಿ ಬಿದ್ದಿದ್ದ ನಾಲ್ಕನೆಯದರ ಜೊತೆ ಇನ್ನೂ ಎರಡು ಸಿಕ್ಕಿದವು, ನನ್ನ ಅಂಕಣದಲ್ಲಿ 'ತಪ್ಪಿತು' ಎಂದು ಬರೆದವು. ಹುಳು ಬಿದ್ದಿತ್ತು. ಒಂದು ಹಕ್ಕಿ ಸಂದಿಯ ಆ ತುದಿಯವರೆಗೆ ತೆವಳಿಕೊಂಡು ಹೋಗಿತ್ತು. ನೆಲದ ಧೂಳಿನಲ್ಲಿ ಅದು ಎಳೆದುಕೊಂಡು ಹೋದ ಗೆರೆ ಕಾಣುತ್ತಿತ್ತು. ಭಾಯಿ ಅವನ್ನು ಪೇಪರಿನಲ್ಲಿ ಸುತ್ತಿ ತೆಗೆದ. ಆ ವಾರ ನಾನು ಆಫೀಸಿನಲ್ಲಿ ನೀರು ಕುಡಿದದ್ದೂ ಕಡಿಮೆ. ಶಟರಿಗೆ ಬಲೆಯ ಪರದೆ ಹಾಕಿಸಿದ್ದು ಅದಾದ ಮೇಲೆ. ಅದಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ.

ಮ್ಯಾನೇಜರ್ ಈಗ ನನ್ನನ್ನು ಮೇಡಮ್ ಎನ್ನುತ್ತಾರೆ. ಅವರ ಮಕ್ಕಳ ಶಾಲೆಗೆ ಬರೆಯುವ ಪತ್ರಗಳನ್ನು ಬೇರೆ ಯಾರೋ ಬರೆಯುತ್ತಾರೆ. ನನಗೆ ಬೇಸರವಿಲ್ಲ.

ಒಂದು ತಿಂಗಳು ಕಳೆದಿರಬೇಕು. ಎಗೈಲಾ ಬಡಾವಣೆಯ ಶಾಪಿಂಗ್ ಮಾಲಿನಲ್ಲಿ ಮಗಳಿಗೆ ಶೂ ಕೊಳ್ಳಲು ಹೋಗಿದ್ದೆ. ನನ್ನ ಸರದಿ ಬರುವವರೆಗೆ ಫೋನಿನಲ್ಲಿ ಆ ರಾಯ್ ಅಂಗಡಿಯ ಪುಟ ತೆರೆದೆ. ಯಾಕೆ ತೆರೆದೆನೋ. ಆ ಗಿಡ್ಡ ಕೋವಿಯ ದೊಡ್ಡ ಫೋಟೋ. ಕೆಳಗೆ ನನ್ನದೇ ವಾಕ್ಯಗಳು, ಮೊದಲ ನಾಲ್ಕು, ಒಂದು ಅಕ್ಷರವೂ ಬದಲಾಗದೆ. ಉಳಿದ ಪುಟವಿಲ್ಲ. 'ಬೇಟೆಗಾರರೇ ಪರೀಕ್ಷಿಸಿದ್ದು' ಎಂದು ಮೇಲೆ ಸೇರಿಸಿದ್ದರು. ಮಗಳು ಪಕ್ಕದಿಂದ ಬಗ್ಗಿ ಓದಿದಳು. ನನ್ನ ಇಂಗ್ಲಿಷಿನ ಧಾಟಿ ಅವಳಿಗೆ ಚೆನ್ನಾಗಿ ಗೊತ್ತು. ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಅಂದು ಮಾತ್ರ ಕೊಂಕಣಿಯಲ್ಲಿ ಕೇಳಿದಳು.

"ಮಮ್ಮಿ, ಇದು ನೀನು ಬರೆದದ್ದಾ?"

"ಹೌದು," ಎಂದೆ. ಅವಳು ಕಾಲಿನ ಶೂ ಬಿಚ್ಚತೊಡಗಿದಳು.

ಮರುದಿನ ಅಂಗಡಿಗೆ ಫೋನ್ ಮಾಡಿದೆ. ಮಾತಾಡಿದವರು ಬಹಳ ಮರ್ಯಾದೆಯ ಮನುಷ್ಯ, ಮಂಗಳೂರಿನವರೇ. ಅವು ನನ್ನ ಮಾತುಗಳು, ತೆಗೆದುಹಾಕಿ ಎಂದೆ.

"ಓ, ಅದು ನೀವಾ ಬರೆದದ್ದು? ಭಾರೀ ಲಾಯ್ಕ ಉಂಟು ಮೇಡಮ್. ಎಲ್ಲರೂ ಹೇಳ್ತಾರೆ. ನಮಗೆ ಮೀನುಗಾಳದ್ದೂ ಹೀಗೇ ಬರೆದುಕೊಡ್ತೀರಾ?"

ನಾನು ಫೋನ್ ಇಟ್ಟೆ. ಕೆಲವು ದಿನ ಆ ಪುಟವನ್ನು ತೆರೆದು ನೋಡುತ್ತಿದ್ದೆ. ವಾಕ್ಯಗಳು ಅಲ್ಲೇ ಇದ್ದವು, ಕೆಳಗೆ ಕೊಂಡವರ ಮೆಚ್ಚುಗೆಗಳು ಸೇರುತ್ತಲೇ ಇದ್ದವು. ಒಬ್ಬರು ಒಂದೇ ಬೆಳಗ್ಗೆ ಹೊಡೆದ ಹಕ್ಕಿಗಳನ್ನು ಕಾರಿನ ಬಾನೆಟ್ಟಿನ ಮೇಲೆ ಸಾಲಾಗಿ ಜೋಡಿಸಿ ಫೋಟೋ ಹಾಕಿದ್ದರು. ನೀಲಿ, ಹಸಿರು, ಬೂದು ಬಣ್ಣದ ಪುಟ್ಟ ಹಕ್ಕಿಗಳು, ಎಲ್ಲಿಂದಲೋ ಎಲ್ಲಿಗೋ ವಲಸೆ ಹೊರಟಿದ್ದವು. ಅದನ್ನು ನೋಡಿದ ಮೇಲೆ ಆ ಪುಟ ತೆರೆಯುವುದನ್ನು ನಿಲ್ಲಿಸಿದೆ.