ತಿಕ್ಕಿ ಬೆಳಗಿದ ನಿಕಲ್ ತಗಡು

೧೯೭೪ರಲ್ಲಿ ನಾನು ಗುಡಗೇರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ಶಾಲೆಗೆ ವಿಜ್ಞಾನ ವಿಭಾಗ ಬೇಕಿತ್ತು. ಇನ್‌ಸ್ಪೆಕ್ಟರ್ ಎದುರು ಒಂದು ಪ್ರಯೋಗ ಮಾಡಿ ತೋರಿಸಿದರೆ ಅನುಮತಿ. ಇಲ್ಲವಾದರೆ ನಮ್ಮ ಹುಡುಗಿಯರಿಗೆ ಹೊಲಿಗೆ, ಅಡುಗೆಯ ಪಾಠವೇ ಗತಿ. ಹುಬ್ಬಳ್ಳಿಗೆ ಕಳಿಸಿ ಓದಿಸುವ ಮನೆಗಳು ಕಡಿಮೆ. ಶಾಲೆಯ ಆಯಾ ಯಲ್ಲವ್ವನ ಮಗಳು ಕಮಲಾ ಈ ಅನುಮತಿಗಾಗಿಯೇ ಕಾಯುತ್ತಿದ್ದಳು.

ನಾನು ಆರಿಸಿಕೊಂಡದ್ದು ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆಯುವ ಪ್ರಯೋಗ. ಪುಸ್ತಕದಲ್ಲಿ ಪ್ಲಾಟಿನಂ ತಗಡು ಎಂದಿತ್ತು. ನಮಗೆ ದೊರೆತದ್ದು ಸೈಕಲ್ ಹ್ಯಾಂಡಲ್‌ಗಳಿಗೆ ಗಿಲೀಟು ಹಾಕುವವರಲ್ಲಿ ಬೇಡಿ ತಂದ ನಿಕಲ್ ತಗಡು ಹಾಗೂ ಗಿಲೀಟಿನ ದ್ರಾವಣ, ಕಾಸ್ಟಿಕ್ ಸೋಡಾ ನೀರು ಮತ್ತು ಒಂದೇ ಕೋಶ ಜೀವ ಹಿಡಿದಿದ್ದ ಹಳೆಯ ಟ್ರ್ಯಾಕ್ಟರ್ ಬ್ಯಾಟರಿ. ಅದರ ಎರಡು ವೋಲ್ಟಿಗೆ ನುಣುಪಾದ ನಿಕಲ್ ಜಗ್ಗಲಿಲ್ಲ. ಗಿಲೀಟಿನ ದ್ರಾವಣದಲ್ಲಿಟ್ಟು, ಬ್ಯಾಟರಿ ಜೋಡಿಸಿ ಅದರ ಮೇಲೆ ನಿಕಲ್‌ನದೇ ಒರಟು ಕಪ್ಪು ಪದರು ಕೂರಿಸಿದೆ. ಕ್ರಿಯೆಯನ್ನು ಚುರುಕುಗೊಳಿಸುವ ಈ ಪದರೇ ವೇಗವರ್ಧಕ. ಗುಳ್ಳೆಗಳು ಸರಸರನೆ ಎದ್ದವು.

ಇನ್‌ಸ್ಪೆಕ್ಟರ್ ಬಂದ ದಿನ ನೀರು ಅಲುಗಲೇ ಇಲ್ಲ. ತಗಡು ಎತ್ತಿ ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಇದನ್ನ ಯಾರು ತಿಕ್ಕಿದ್ರು?"

"ನಾನ ರೀ ಅಕ್ಕೋರ," ಎಂದಳು ಯಲ್ಲವ್ವ, ಹಿಗ್ಗಿನಿಂದ. "ಸಾಹೇಬ್ರು ಬರತಾರಂತ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀನ್ರಿ. ಅಗದಿ ಮಸಿ ಹಿಡಿದಿತ್ತು."

ಬಂದವರೆದುರು ಮಸಿ ಹಿಡಿದ ಪಾತ್ರೆ ಇಡುವುದು ನಮ್ಮ ಕಡೆ ಅವಮಾನ. ಆ ಮಸಿಯೇ ಕೆಲಸ ಮಾಡುತ್ತಿತ್ತು ಎಂದಾಗ ಅವಳ ಮುಖ ಇಳಿಯಿತು.

"ನನ್ನ ಕೈಯಾರ ಮಗಳ ಓದು ತಿಕ್ಕಿ ಒಗದೆನೇನ್ರಿ?"

"ಚಾ ಇಡು ಹೋಗು," ಎಂದೆ. ಇನ್‌ಸ್ಪೆಕ್ಟರ್ ಕಡೆ ತಿರುಗಿ, "ಅರ್ಧ ತಾಸು ಕೊಡ್ರಿ ಸಾಹೇಬ್ರ, ಮತ್ತ ಮಸಿ ಹತ್ತಸ್ತೀನಿ."

"ಮಸಿ ಹತ್ತಸಾಕ ಟೈಮ್ ಕೇಳಿದವ್ರನ್ನ ಇವತ್ತ ಕಂಡೆ, ಅಕ್ಕೋರ. ನನ್ನ ರೈಲುಗಾಡಿ ಕಾಯೂದಿಲ್ಲ ನೋಡ್ರಿ."

ಆದರೂ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ತಗಡು ನಿಧಾನವಾಗಿ ಕಪ್ಪಾಗತೊಡಗಿತು. ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳಿತು, ಅವರು ಏಳಲಿಲ್ಲ. ತೊಳೆದು ಸೋಡಾ ನೀರಿಗೆ ಇಳಿಸಿದಾಗ ಗುಳ್ಳೆಗಳ ಸಾಲೇ ಎದ್ದಿತು. ಆ ಅನಿಲ ತುಂಬಿದ ಗಾಜಿನ ನಳಿಗೆಯ ಬಾಯಿಗೆ ಉರಿಯುವ ಕಡ್ಡಿ ಹಿಡಿದೆ. ಹೈಡ್ರೋಜನ್ ಹೊತ್ತಿ ಟಪ್ ಎಂದಿತು. ಯಲ್ಲವ್ವನ ಕೈಯಲ್ಲಿದ್ದ ಚಹಾ ತುಳುಕಿತು.

"ಇನ್ನೊಮ್ಮೆ ಮಾಡ್ರಿ," ಎಂದರು ಇನ್‌ಸ್ಪೆಕ್ಟರ್. "ನುಣುಪಿದ್ದಾಗ ಆಗಲಿಲ್ಲ, ಒರಟಾದ ಮ್ಯಾಲೆ ಆತು. ಪ್ಲಾಟಿನಂ ಇದ್ದ ಶಾಲ್ಯಾಗೂ ನನಗ ಇದನ್ನ ಯಾರೂ ತೋರಿಸಿಲ್ರಿ."

ಅವರು ಸಂಜೆಯ ಬಸ್ಸಿಗೆ ಹೋದರು. ಜೂನ್‌ನಲ್ಲಿ ವಿಭಾಗ ತೆರೆಯಿತು, ಕಮಲಾ ಸೇರಿಕೊಂಡಳು.

ಆಮೇಲೆ ನಿವೃತ್ತಿಯವರೆಗೂ ಒಂದು ರೂಢಿ ಇಟ್ಟುಕೊಂಡೆ. ಯಾವ ಪ್ರಯೋಗವನ್ನು ಹೂಡಿದರೂ ಅದು ಏನು, ಯಾಕೆ ಎಂಬುದನ್ನು ಮೊದಲು ಕಸ ಗುಡಿಸುವವರಿಗೆ ಹೇಳುತ್ತಿದ್ದೆ. ಅವರಿಗೆ ತಿಳಿಯುವ ಹಾಗೆ ಹೇಳಲು ಬಂದ ದಿನ, ತರಗತಿಯಲ್ಲೂ ಪಾಠ ಸಲೀಸಾಗಿ ಸಾಗುತ್ತಿತ್ತು.